ಸದ್ದಿಲ್ಲದ ಉಂಡೆಗಳು

ಹಗ್ಗ ಒದ್ದೆಯಾಗಿದೆ, ಅಂಗೈ ಉರಿಯುತ್ತಿದೆ, ಕೊಡ ಇನ್ನೂ ಬಾವಿಯ ನಡುವೆ ತೂಗಾಡುತ್ತಿದೆ, ಅಷ್ಟರಲ್ಲಿ ಪಕ್ಕದ ಮನೆಯ ಓರ್ಸೊಲಾ ಏದುಸಿರು ಬಿಡುತ್ತ ಬಂದಳು, ಆಗ್ನೆಸಾ, ನೀರು ಆಮೇಲೆ ಸೇದೀಯಂತೆ ಬಾರೇ, ನಿನ್ ತಮ್ಮಂಗೆ ಶಿಕ್ಷೆ ಆಯ್ತಂತೆ, ಬಲಗೈ ಕಡೀತಾರಂತೆ — ಯಾರ ಬಲಗೈ, ನಮ್ಮ ನಿಕೊಲೆತ್ತೊನದೇ, ಉಪ್ಪಿನ ಉಗ್ರಾಣದಲ್ಲಿ ತಕ್ಕಡಿ ಹಿಡಿಯುವ ಕೈಯೇ, ಹಗ್ಗ ಜಾರಿತು, ಕೊಡ ಬಿದ್ದ ಸದ್ದು ಚೌಕಕ್ಕೆಲ್ಲ ಕೇಳಿಸಿತು, ಕೊಡಕ್ಕಾದರೂ ಸದ್ದಿದೆ. ಉಪ್ಪು ಕದ್ದನೆಂಬ ದೂರು ಬಂದಾಗ, ಒಂದು ಚಿಟಿಕೆಯೂ ಮುಟ್ಟಿಲ್ಲ ಅಕ್ಕಾ ಎಂದಿದ್ದ ಅವನು, ಅಧಿಕಾರದಲ್ಲಿರೋರ ಮೇಲೆ ಕಣ್ಣಿಡೋಕೇ ಅಲ್ವಾ ವೆನಿಸ್ ಸರ್ಕಾರದ ವಕೀಲ್ರು ಇರೋದು, ನೋಡ್ಲಿ ಬಿಡು, ನೋಡಿದ್ರೆ ನಂಗೇ ಒಳ್ಳೇದು ಎನ್ನುತ್ತ ಮೀನಿನ ಮುಳ್ಳು ಚೀಪಿದ್ದ. ವಕೀಲರು ನೋಡಿದರು, ನಲವತ್ತು ಮಂದಿಯ ಸಭೆಯ ಮುಂದೆ ನಿಂತು ಶಿಕ್ಷೆ ಕೇಳಿದರು, ಮತದ ಪೆಟ್ಟಿಗೆಗಳು ಸುತ್ತು ಬಂದವು, ಬಿಳಿಯದಕ್ಕೆ ಉಂಡೆ ಹಾಕಿದರೆ ಹೌದು, ಹಸಿರಿನದಕ್ಕೆ ಹಾಕಿದರೆ ಬೇಡ, ಯಾರು ಎಲ್ಲಿ ಹಾಕಿದರೋ — ಕಿವಿಗೂ ಗೊತ್ತಾಗಬಾರದೆಂದೇ ಬಟ್ಟೆಯ ಉಂಡೆಗಳು, ನಾನು ಹೊಲಿದ ಉಂಡೆಗಳು. ಸಭೆಯವರು ಕೊಡುವ ಕೂಲಿಗೆ ಚಳಿಗಾಲವಿಡೀ ಹೊಲಿದೆ, ಮಗಳು ಮರಿಯೆತ್ತಾ ನನ್ನ ಮೊಣಕಾಲಿಗೆ ಒರಗಿ ಚಿಂದಿ ತುರುಕಿದಳು, ಒಂದರೊಳಗೆ ಕಡಲೆಕಾಳು ಬಚ್ಚಿಟ್ಟು ಗಿಲಿಗಿಲಿ ಆಡಿಸಿ ನಕ್ಕಳು, ಹಾಗ್ ಮಾಡ್ಬಾರ್ದು ಚಿನ್ನಾ, ಸದ್ದು ಬಂದ್ರೆ ದೊಡ್ಡೋರಿಗೆ ಹೆದರ್ಕೊಂಡು ಯಾರೂ ನ್ಯಾಯವಾಗಿ ಹಾಕಲ್ಲ, ಎಂದು ಹೊಲಿಗೆ ಬಿಚ್ಚಿ ಕಾಳು ತೆಗೆದೆ, ನಿಕೊಲೆತ್ತೊ ಅದನ್ನು ಕಸಿದು ಮೇಲಕ್ಕೆಸೆದು ಬಾಯಲ್ಲಿ ಹಿಡಿದ, ಅಕ್ಕನ್ ಉಂಡೆ ನನ್ ಹೆಂಡ್ತಿ ಥರ ಅಲ್ಲಪ್ಪಾ, ಬಾಯೇ ಇಲ್ಲ ಎಂದ, ಕಾಳು ಎಸೆದದ್ದು ಬಲಗೈ, ಮರಿಯೆತ್ತಾಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡದ್ದೂ — ಓರ್ಸೊಲಾ ಇನ್ನೂ ಮಾತಾಡುತ್ತಿದ್ದಾಳೆ, ಸಭೆ ತುಂಬಾ ಜನ ಇದ್ರೂ ಪಿಟ್ಟೆಂದಿಲ್ಲವಂತೆ ಕಣೇ, ಅಷ್ಟು ನಿಶ್ಶಬ್ದವಂತೆ. ಹೌದು, ಇರುತ್ತದೆ, ನನ್ನ ಹೊಲಿಗೆ ಅಷ್ಟು ಚೆನ್ನ. ನ್ಯಾಯವಾಗಿ ಹಾಕಲೆಂದಲ್ಲವೇ ಬಾಯಿ ಮುಚ್ಚಿ ಹೊಲಿದದ್ದು, ಮತ್ತೆ ಹೇಗೆ, ಹೇಗೆ, ಮರಿಯೆತ್ತಾ ನನ್ನ ಲಂಗ ಹಿಡಿದು ನಿಂತಿದ್ದಾಳೆ, ಎಲ್ಲ ಕೇಳಿಸಿಕೊಂಡಿದ್ದಾಳೆ, ತುಟಿ ಅಲುಗುತ್ತಿದೆ, ಬೇಡ ಕಂದಾ, ಅದೊಂದು ಕೇಳಬೇಡ — ಉಂಡೆಯೊಂದು ಬಿಳಿ ಪೆಟ್ಟಿಗೆಗೆ ಬೀಳುತ್ತದೆ, ಸದ್ದಿಲ್ಲ, ಇನ್ನೊಂದು, ಸದ್ದಿಲ್ಲ, ಇನ್ನೊಂದು —

ಅಮ್ಮಾ, ಮಾಮನ ಕೈ ಕಡೀರಿ ಅಂತ ಹಾಕಿದ್ದು ನಮ್ಮುಂಡೆನಾ?