ಮೊಣಕಾಲ ಮೇಲಿನ ನಿದ್ದೆ

ಪರೀಕ್ಷೆ ಮುಗಿದು ರಜೆ ಸಿಕ್ಕಿದ್ದೇ ತಡ, ಅವಳು ಚರ್ಚಿನ ಯುವಜನರ ಶಿಬಿರಕ್ಕೆ ಹೆಸರು ಕೊಟ್ಟಳು. ಈ ರಜೆಯಲ್ಲಾದರೂ ದೇವರು ತನ್ನೊಡನೆ ಮಾತಾಡಬಹುದೆಂಬ ಆಸೆ. ಅಜ್ಜಿ ತೀರಿಕೊಂಡ ಮೇಲೆ, ಇಬ್ಬರೂ ಮಲಗುತ್ತಿದ್ದ ಮಂಚದಲ್ಲಿ ಅವಳೊಬ್ಬಳಿಗೆ ರೆಪ್ಪೆಗೆ ರೆಪ್ಪೆ ಹತ್ತುತ್ತಿರಲಿಲ್ಲ. ಅಣ್ಣ ಅವಳಿಗೆ 'ಗೂಬೆ' ಎಂದೇ ಹೆಸರಿಟ್ಟಿದ್ದ.

ಶಿಬಿರದಲ್ಲಿ ಪ್ರತಿ ಮಧ್ಯಾಹ್ನ ಮೌನ ಪ್ರಾರ್ಥನೆ. ಮೊಣಕಾಲೂರಿ, ಎದುರಿನ ಬೆಂಚಿನ ಮೇಲೆ ತಲೆಯಿಡಬೇಕು. ಯಾರೂ ಯಾರನ್ನೂ ಮುಟ್ಟಿ ಎಬ್ಬಿಸುವಂತಿಲ್ಲ, ಅವರಾಗಿಯೇ ತಲೆಯೆತ್ತಬೇಕು. ಕೊನೆಯ ದಿನ ಅವಳು ತಲೆಯಿಟ್ಟದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಬಿಸಿಲು ಇನ್ನೊಂದು ಕಿಟಕಿಗೆ ಸರಿದಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ಸುತ್ತ ಕೂತಿದ್ದರು. ಕೆಲವರ ಕಣ್ಣು ಒದ್ದೆ.

ಪಾಸ್ಟರ ಹೆಂಡತಿ ಅವಳ ಮುಖವನ್ನು ಬೊಗಸೆಯಲ್ಲಿ ಹಿಡಿದರು. ಕೆನ್ನೆಯ ಮೇಲೆ ಹಲಗೆಯ ಗೆರೆ ಮೂಡಿತ್ತು. "ಎಷ್ಟು ಹೊತ್ತು ಪ್ರಾರ್ಥನೆ ಮಗಳೇ! ದೇವರು ನಿನ್ನ ಬಿಟ್ಟೇ ಇರ್ಲಿಲ್ಲ. ದೇವರು ನಿನ್ನ ಹತ್ರ ಮಾತಾಡಿದ್ದನ್ನ ನಾಳೆ ಆರಾಧನೆಯಲ್ಲಿ ಎಲ್ಲರ ಮುಂದೆ ನೀನೇ ಸಾಕ್ಷಿ ಹೇಳ್ಬೇಕು."

ನಿದ್ದೆಗಣ್ಣಲ್ಲಿ ಅವಳು ತಲೆಯಾಡಿಸಿಬಿಟ್ಟಳು.

ಮನೆಯಲ್ಲಿ ಅಣ್ಣ ನಾಳೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. "ನಿಜ ಹೇಳು ಗೂಬೆ, ನಿದ್ದೆ ಹೊಡೆದೆ ತಾನೇ?"

"ಹೂಂ."

"ಗೊರಕೆ?"

"ಅದು ನಂಗೇನು ಗೊತ್ತು!"

ಅವನು ನಕ್ಕ ನಗುವಿಗೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಡಬೇಕಾಯಿತು. "ಹೋಗಿ ಪಾಸ್ಟರ್ ಅಮ್ಮಾವ್ರಿಗೆ ಹೇಳ್ಬಿಡು."

"ಈಗಾಗ್ಲೇ ಮನೆಮನೆಗೂ ಹೇಳ್ಕೊಂಡು ಬಂದಿದ್ದಾರೆ ಕಣೋ. ಪಾಪ, ಮುಖ ಎಲ್ಲಿಟ್ಕೋತಾರೆ?"

"ಮತ್ತೆ ಅಲ್ಲಿ ನಿಂತು ಸುಳ್ಳು ಹೇಳ್ತೀಯಾ?"

ಅವಳಿಗೆ ಸುಳ್ಳು ಯಾವುದೆಂದೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಕನಸು ಬಿದ್ದಿರಲಿಲ್ಲ, ದನಿಯೂ ಕೇಳಿರಲಿಲ್ಲ. ಆದರೆ ಎದ್ದಾಗ, ಎದೆಯ ಮೇಲಿಂದ ಯಾರೋ ಕೈ ತೆಗೆದಷ್ಟು ಹಗುರ. ಅದಕ್ಕೆ ಬರೀ ನಿದ್ದೆ ಎನ್ನಬೇಕೇ?

ಮರುದಿನ ಮೈಕಿನ ಮುಂದೆ ನಿಂತಳು. ಎರಡನೇ ಸಾಲಿನಲ್ಲಿ ಪಾಸ್ಟರ ಹೆಂಡತಿ ಕರವಸ್ತ್ರ ಬಿಚ್ಚಿ ಸಿದ್ಧವಾಗಿ ಕೂತಿದ್ದರು.

"ನಾನು... ನಿದ್ದೆ ಮಾಡ್ದೆ."

ಯಾರೋ ಕೆಮ್ಮಿದರು. ಅಣ್ಣ ತಲೆ ತಗ್ಗಿಸಿದ, ಭುಜ ಕುಲುಕುತ್ತಿತ್ತು.

"ಅಜ್ಜಿ ಹೋದ್ಮೇಲೆ ನಂಗೆ ನಿದ್ದೆನೇ ಬರ್ತಿರ್ಲಿಲ್ಲ. ನಿನ್ನೆ ಬಂತು. ದೇವರು ಮಾತಾಡಿದ್ರಾ, ಗೊತ್ತಿಲ್ಲ. ಮಾತಾಡಿದ್ರೂ ನಾನು ಕೇಳಿಸ್ಕೊಂಡಿಲ್ಲ."

ಆಮೆನ್ ಎನ್ನಬೇಕೋ ಬೇಡವೋ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಇಳಿದು ಬಂದಾಗ ಖಾಲಿಯಿದ್ದದ್ದು ಪಾಸ್ಟರ ಹೆಂಡತಿಯ ಪಕ್ಕದ ಜಾಗವೊಂದೇ. ಅವರು ಇತ್ತ ತಿರುಗಲಿಲ್ಲ. ಕರವಸ್ತ್ರ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

ಪ್ರಾರ್ಥನೆಗೆ ಎಲ್ಲರೂ ಮೊಣಕಾಲೂರಿದರು. ಆಗ ಪಕ್ಕದಿಂದ ಪಿಸುಮಾತು ಬಂತು: "ಇವತ್ತೂ ನಿದ್ದೆ ಬಂದ್ರೆ... ಎಬ್ಬಿಸ್ಲಾ?"

ಸಿಟ್ಟೋ, ಅಕ್ಕರೆಯೋ ತಿಳಿಯಲಿಲ್ಲ. ಎಬ್ಬಿಸಿ ಎನ್ನಬೇಕೋ ಬೇಡವೆನ್ನಬೇಕೋ ಅದೂ ತೋಚದೆ, ಅವಳು ಬೆಂಚಿನ ಮೇಲೆ ತಲೆಯಿಟ್ಟಳು.