ತಾಮ್ರ ಬಿಟ್ಟ ನಳಿಕೆ

ಶೂಟಿಂಗ್ ಕ್ಲಬ್ಬಿನಲ್ಲಿ ರೈಫಲ್ ರಿಪೇರಿ ಮಾಡುವ ಹೆಂಗಸನ್ನು ಎಲ್ಲರೂ ಮಸಿಯಕ್ಕ ಅಂತಲೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ನಳಿಕೆಗಳ ಹೊಟ್ಟೆ ತೊಳೆದು ತೊಳೆದು ಅವಳ ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಈಚೆಗೆ ಬಲಭುಜ ಬೇರೆ ಕೈ ಕೊಟ್ಟಿತ್ತು. ಭುಜವೇ ಕೈ ಕೊಟ್ಟರೆ ಕೈ ಏನು ಮಾಡಬೇಕು ಅಂತ ಅವಳೇ ನಗಾಡುತ್ತಿದ್ದಳು.

ಆ ಸೋಮವಾರ ಅವಳ ಅಣ್ಣ ತನ್ನ ರೈಫಲ್ಲನ್ನು ತಂದು ಮೇಜಿನ ಮೇಲೆ ಮಲಗಿಸಿದ. ಕ್ಲಬ್ಬಿನ ಹಳೇ ಹುಲಿ ಅವನು. ತಂಗಿಗೆ ಗುರಿ ಹಿಡಿಯಲು ಕಲಿಸಿದವನೂ ಅವನೇ. ಮುನ್ನೂರು ಮೀಟರಿನಲ್ಲಿ ಗುಂಡುಗಳು ದಿಕ್ಕಾಪಾಲಾಗುತ್ತಿವೆ, ನಳಿಕೆ ಸವೆದುಹೋಗಿದೆ, ಹಾಗಂತ ಅವಳು ಒಂದು ಚೀಟಿ ಬರೆದುಕೊಟ್ಟರೆ ಶನಿವಾರದ ಆಯ್ಕೆ ಪಂದ್ಯಕ್ಕೆ ಮುಂಚೆ ಕ್ಲಬ್ಬಿನಿಂದ ಹೊಸದು ಹಾಕಿಸಬಹುದು ಎಂದ. ತೊಳೆದು ನೋಡದೆ ಬರೆಯುವುದಿಲ್ಲ ಎಂದಳು ಅವಳು. ಅವನು ಮುಖ ಗಂಟಿಕ್ಕಿಕೊಂಡು ಹೋದ.

ಮೊದಲು ಮಸಿ. ಹಿಂಬದಿಯಿಂದ ಸರಳು ತೂರಿಸಿ, ಮಸಿ ಕರಗಿಸುವ ಮದ್ದಿನಲ್ಲಿ ಅದ್ದಿದ ಬಟ್ಟೆ ತುಂಡನ್ನು ಬಾಯಿಯ ಕಡೆಗೆ ತಳ್ಳಿದಳು. ಇದ್ದಿಲಿನಂತೆ ಹೊರಬಂತು. ನೆನೆಯಲು ಬಿಟ್ಟು, ಬ್ರಷ್ ಆಡಿಸಿ, ಮತ್ತೆ ಬಟ್ಟೆ. ಇಪ್ಪತ್ತನೆಯದು ಬೂದಿ ಬಣ್ಣಕ್ಕಿಳಿಯುವ ಹೊತ್ತಿಗೆ ಭುಜ ಚುಳ್ಳೆನ್ನುತ್ತಿತ್ತು. ಆಮೇಲೆ ತಾಮ್ರ. ಗುಂಡಿನ ಮೈಯಿಂದ ಉಜ್ಜಿ ಅಂಟಿದ ತಾಮ್ರ ಮಸಿಯ ಮದ್ದಿಗೆ ಬಗ್ಗುವುದಿಲ್ಲ, ಅದಕ್ಕೆ ಮೂಗು ಸುಡುವ ಬೇರೆ ಮದ್ದು; ತಾಮ್ರ ಕರಗಿದಷ್ಟೂ ಬಟ್ಟೆ ನೀಲಿಯಾಗುತ್ತದೆ. ಹಿತ್ತಾಳೆ ಬ್ರಷ್ ಹಾಕಿದರೆ ಅದೇ ಕರಗಿ ಸುಳ್ಳು ನೀಲಿ ತೋರಿಸುತ್ತದೆಂದು ನೈಲಾನಿನದನ್ನೇ ಹಿಡಿದಳು. ಬಟ್ಟೆ ಕಡುನೀಲಿಯಾಗಿ ಬಂತು. ತಾಮ್ರ ಹೋದಲ್ಲಿ ಅದರಡಿಯಿಂದ ಇನ್ನೊಂದು ಪದರ ಮಸಿ ಇಣುಕಿತು. ಅದನ್ನು ತೆಗೆದರೆ ಮತ್ತೆ ತಾಮ್ರ. ಅಣ್ಣ ವರ್ಷಗಟ್ಟಲೆ ಮೇಲೆ ಮೇಲೆ ಒರೆಸಿಟ್ಟಿದ್ದ. ಹೀಗೇ ಮಂಗಳವಾರವೂ ಮುಗಿಯಿತು.

ಬುಧವಾರ ಮಧ್ಯಾಹ್ನ ಬಟ್ಟೆ ಬೆಳ್ಳಗೆ ಬಂತು. ಟಾರ್ಚ್ ಹಿಡಿದು ನೋಡಿದರೆ ಒಳಗಿನ ಸುರುಳಿ ಗೆರೆಗಳು ಚೂಪಾಗಿಯೇ ಇದ್ದವು. ಅವಳಿಗೆ ಖುಷಿಯಾಗಬೇಕಿತ್ತು, ಆದರೆ ತಪ್ಪು ನಳಿಕೆಯದಲ್ಲದಿದ್ದರೆ ಯಾರದು ಎಂಬ ಅನುಮಾನ ಹುಟ್ಟಿತು. ಮೈದಾನಕ್ಕೆ ಒಯ್ದು, ಮರಳುಚೀಲದ ಮೇಲೆ ಒರಗಿಸಿ, ನಳಿಕೆ ಹದಕ್ಕೆ ಬರಲೆಂದು ಕೆಲವು ಗುಂಡು ಹಾರಿಸಿದ ಮೇಲೆ ಮುನ್ನೂರು ಮೀಟರಿನ ಗುರಿಗೆ ಎಣಿಸಿ ಐದು ಹೊಡೆದಳು. ಐದೂ ಒಂದು ಅಂಗೈಯಷ್ಟು ಜಾಗದೊಳಗೆ ಕೂತಿದ್ದವು.

ಅಣ್ಣನನ್ನು ಕರೆಸಿ ಗುರಿಯ ಕಾಗದ ತೋರಿಸಿದಳು. ಅವನು ರೈಫಲ್ ಎತ್ತಿಕೊಂಡು ತಾನೇ ಹೋಗಿ ಬೋರಲು ಮಲಗಿ ಗುರಿ ಹಿಡಿದ. ಎರಡು ಗುಂಡು ನೆಟ್ಟಗೆ ಹೋದವು. ಮೂರನೆಯದಕ್ಕೆ ಅವನ ಎಡಗೈ ಸಣ್ಣಗೆ ನಡುಗತೊಡಗಿದ್ದು ಹಿಂದೆ ನಿಂತಿದ್ದ ತಂಗಿಗೂ ಕಂಡಿತು. ಉಳಿದವು ಎಲ್ಲೋ ಬಿದ್ದವು.

ಎದ್ದು ಬಂದು ಅವಳ ಪಕ್ಕ ಕೂತ. ಐದಾರು ತಿಂಗಳಿಂದ ಹೀಗೇ, ಮನೆಯಲ್ಲಿ ನಿನ್ನ ಅತ್ತಿಗೆಗೂ ಹೇಳಿಲ್ಲ ಎಂದ.

"ನಳಿಕೆ ಸವೆದಿದೆ ಅಂತಲೇ ಬರೆದುಬಿಡು. ನಿನ್ನ ಹತ್ರ ನಾನು ಇದುವರೆಗೆ ಏನೂ ಕೇಳಿದವನಲ್ಲ."

"ಬರೀತೀನಿ ಅಣ್ಣ, ನನಗೇನು ಕಷ್ಟ? ಹೊಸದು ಬರುತ್ತೆ. ಆಮೇಲೆ?"

"ಆಮೇಲಿಂದು ನಾನೂ ಯೋಚನೆ ಮಾಡಿಲ್ಲ."

ಈ ಸತ್ಯ ತಾಮ್ರದಡಿಯಲ್ಲೇ ಇದ್ದಿದ್ದರೆ ಯಾರ ಗಂಟು ಹೋಗುತ್ತಿತ್ತು ಅಂತ ಅವಳಿಗೆ ಒಂದು ಕ್ಷಣ ಅನಿಸಿತು. ಕೊನೆಗೆ ಅಣ್ಣನೇ ಕಾಗದ ಕೇಳಿದ. ಪಂದ್ಯದಿಂದ ಹಿಂದೆ ಸರಿಯುತ್ತಿದ್ದೇನೆ ಎಂದು ಬರೆಯಲು ಹೋಗಿ, ಅಂದು ಬಲಗೈಯೂ ಅಲುಗಿದ್ದರಿಂದ ಪೆನ್ನನ್ನು ತಂಗಿಯ ಕಡೆ ತಳ್ಳಿದ. ಅವಳು ಬರೆದಳು, ಅವನು ರುಜು ಹಾಕಿದ. ಮರುದಿನ ಇಬ್ಬರೂ ಡಾಕ್ಟರ ಬಳಿ ಹೋದರು. ಔಷಧಿಯಿಂದ ಊಟ, ಬರವಣಿಗೆ ಸರಿಹೋಗಬಹುದು, ಗುರಿಯ ಆಸೆ ಬೇಡ ಎಂದರು ಅವರು.

ಶನಿವಾರ ಅಣ್ಣ ಬಂದು ಪ್ರೇಕ್ಷಕರ ಬೆಂಚಿನ ತುದಿಯಲ್ಲಿ ಕೂತಿದ್ದ. ಎದುರು ಬಂದವರಿಗೆಲ್ಲ ನಳಿಕೆ ಚೆನ್ನಾಗಿದೆ, ತನಗೇ ವಯಸ್ಸಾಯಿತು ಎಂದು ತಾನಾಗಿಯೇ ಹೇಳುತ್ತಿದ್ದ. ಪಂದ್ಯ ಮುಗಿದ ಮೇಲೆ ಮಸಿಯಕ್ಕನ ಮೇಜಿಗೆ ಒಂದರ ಹಿಂದೊಂದು ಹನ್ನೊಂದು ರೈಫಲ್ ಬಂದವು. ಅವಳು ಭುಜ ನೀವಿಕೊಂಡು ಮೊದಲನೆಯದನ್ನು ಎಳೆದುಕೊಂಡಳು.