ಭತ್ತ ಎಂದು ಬರೆದ ಬಾಟಲಿ

ಒಂದು ಸಲ ವಿಮಾನ ಹತ್ತಿ ಬಂದವನು ವರ್ಷಪೂರ್ತಿ ಅದನ್ನೇ ಹೇಳಿಕೊಂಡು ತಿರುಗುತ್ತಾನೆ ಎಂದು ನಮ್ಮ ಕಡೆ ನಗುತ್ತಾರೆ. ಅಂಥವರನ್ನು ನೋಡಿ ನಾನೂ ನಕ್ಕಿದ್ದೇನೆ. ಆದ್ದರಿಂದ ಇದನ್ನು ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ಬ್ರೆಜಿಲ್ ದೇಶದ ಬಗ್ಗೆ ನಾನು ಹೇಳುವಂಥದ್ದು ಹೆಚ್ಚೇನಿಲ್ಲ. ಹೇಳಬೇಕಾಗಿರುವುದು ಅಲ್ಲಿಂದ ಬಂದ ಮೇಲಿನ ಮೂರು ದಿನಗಳ ವಿಷಯ, ಮತ್ತು ಅದರಿಂದಾಗಿ ಬೇರೊಬ್ಬರ ಭತ್ತದ ಗದ್ದೆಗೆ ಆದದ್ದು.

ಶಿಕಾರಿಪುರದ ಒಂದು ಬೀಜ, ಗೊಬ್ಬರ, ಔಷಧಿಯ ಅಂಗಡಿಯಲ್ಲಿ ನಾನು ಇಪ್ಪತ್ತೊಂದು ವರ್ಷಗಳಿಂದ ಕೆಲಸಕ್ಕಿದ್ದೇನೆ. ಅದಕ್ಕೂ ಮೊದಲು ದಾವಣಗೆರೆಯ ಗೋದಾಮೊಂದರಲ್ಲಿ ದುಡಿಯುತ್ತ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದಿದೆ. ನಮ್ಮ ಅಂಗಡಿಗೆ ಈ ವರ್ಷ ಔಷಧಿ ಕಂಪನಿಯವರು ಬಹುಮಾನವಾಗಿ ಎಂಟು ದಿನದ ಬ್ರೆಜಿಲ್ ಪ್ರವಾಸ ಕೊಟ್ಟರು. ಮಾಲೀಕರಾದ ಪಂಚಾಕ್ಷರಪ್ಪನವರಿಗೆ ಮಂಡಿನೋವು. ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರೆ ಎಂದು ನನ್ನನ್ನು ಕಳಿಸಿದರು. ಹೋದೆ, ಬಂದೆ.

ಹೊರಡುವ ಮೊದಲು ಪ್ರವಾಸದ ಉಸ್ತುವಾರಿಯವರು ಎಲ್ಲರಿಗೂ ಒಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ಜೆಟ್ ಲ್ಯಾಗ್ ಬಗ್ಗೆ, ಅಂದರೆ ದೂರದ ವಿಮಾನ ಪ್ರಯಾಣದಿಂದ ನಿದ್ದೆಯ ಹೊತ್ತು ಏರುಪೇರಾಗುವುದರ ಬಗ್ಗೆ, ಬರೆದಿತ್ತು. ಊರಿಗೆ ಬಂದ ಮೇಲೆ ಹಗಲು ಮಲಗಬಾರದು, ಬಿಸಿಲಿನಲ್ಲಿ ಓಡಾಡಬೇಕು, ಎಂದಿನ ಕೆಲಸಕ್ಕೆ ತಕ್ಷಣ ಹೋಗಬೇಕು. ನಾನು ಅದನ್ನು ಮೂರು ಸಲ ಓದಿದೆ. ಭಾನುವಾರ ರಾತ್ರಿ ಊರು ಮುಟ್ಟಿದಾಗ ಪಂಚಾಕ್ಷರಪ್ಪನವರು ಫೋನ್ ಮಾಡಿ, "ಎರಡು ದಿವಸ ಮಲ್ಕಂಡು ಬಾರಪ್ಪ, ಅಂಗಡಿ ಎಲ್ಲೂ ಓಡಿಹೋಗಲ್ಲ" ಎಂದರು. ನಾನು ಹಾಳೆಯಲ್ಲಿ ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಅವರು "ಆತು, ನಿನ್ನಿಷ್ಟ" ಎಂದರು.

ಸೋಮವಾರ ಅಂಗಡಿಗೆ ಹೋದೆ. ಜುಲೈ ಮೊದಲ ವಾರ, ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು. ಕೂರಿಗೆಯಲ್ಲಿ ಬಿತ್ತಿದ ಭತ್ತಕ್ಕೂ ಗೋವಿನಜೋಳಕ್ಕೂ ಒಟ್ಟಿಗೇ ಕಳೆ ಔಷಧಿ ಹೊಡೆಯುವ ಹೊತ್ತು. ಗಿರಾಕಿಗಳು ಬಿಡುವಿಲ್ಲದೆ ಬರುತ್ತಿದ್ದರು. ಬೆಳಿಗ್ಗೆ ಏನೂ ತೊಂದರೆ ಇರಲಿಲ್ಲ. ಹನ್ನೆರಡು ಗಂಟೆ ದಾಟಿದ ಮೇಲೆ ಎದುರಿಗಿರುವವರ ಮಾತು ಸ್ವಲ್ಪ ತಡವಾಗಿ ಕಿವಿಗೆ ಬೀಳತೊಡಗಿತು. ನಾನು ನಿಂತಿದ್ದೇನೆ ಎಂಬುದು ಕಾಲಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ರಾತ್ರಿ ಮಾತ್ರ ಕಣ್ಣು ಮುಚ್ಚಲಿಲ್ಲ. ನನ್ನ ಹೆಂಡತಿ ಗಂಗಾಶ್ರೀ ನೆತ್ತಿಗೆ ಹರಳೆಣ್ಣೆ ಒತ್ತಿದಳು. ಪಕ್ಕದ ಮನೆಯವರು ಗಸಗಸೆ ಪಾಯಸ ಕಳಿಸಿದರು. ಎರಡರಿಂದಲೂ ನಿದ್ದೆ ಬರಲಿಲ್ಲ.

ಮಂಗಳವಾರ ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ತಾಳಗುಂದದ ಚಿಕ್ಕಬೀರಪ್ಪ ಬಂದರು. ನಮ್ಮ ಹಳೆಯ ಗಿರಾಕಿ. ನನಗಿಂತ ಹತ್ತು ವರ್ಷ ದೊಡ್ಡವರು.

"ಏನಪ್ಪ ಯತೀಶ, ಪರದೇಶಕ್ಕೆ ಹೋಗಿ ಬೆಳ್ಳಗಾಗಿ ಬರ್ತೀಯ ಅಂದ್ಕಂಡಿದ್ದೆ. ಬಾಡಿದ ಬದನೆಕಾಯಿ ಆಗಿದ್ದೀಯಲ್ಲ."

"ನಿದ್ದೆ ಇಲ್ಲ ಬೀರಪ್ಪಣ್ಣ. ಅಲ್ಲಿ ಈಗ ಬೆಳಗಿನ ಜಾವ."

"ಅಲ್ಲಿ ಜಾವ ಆದ್ರೆ ನಿನಗೇನು? ನೀನು ಇಲ್ಲಿದ್ದೀಯಲ್ಲ."

"ಮೈ ಇಲ್ಲೈತೆ. ನಿದ್ದೆ ಅಲ್ಲೇ ಉಳಕಂಡೈತೆ."

"ಹಂಗಾರೆ ಕೊರಿಯರ್‌ನಾಗೆ ತರಿಸ್ಕಾ," ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು.

ಅವರಿಗೆ ಬೇಕಾಗಿದ್ದದ್ದು ಎರಡು ಬಾಟಲಿ. ಒಂದು ಭತ್ತದ ಕಳೆಗೆ, ಇನ್ನೊಂದು ಗೋವಿನಜೋಳದ ಕಳೆಗೆ. ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯ ಬಿಳಿ ಬಾಟಲಿಗಳು. ಹೆಸರು ದೊಡ್ಡದಾಗಿ ಇಂಗ್ಲಿಷಿನಲ್ಲಿ, ಕನ್ನಡದ ಸೂಚನೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಹೀಗಿರುವುದರಿಂದ ನಾನು ಮೊದಲಿನಿಂದಲೂ ಪ್ರತಿ ಬಾಟಲಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬೆಳೆಯ ಹೆಸರು ಬರೆದು ಕೊಡುತ್ತೇನೆ. ಜನ ಲೇಬಲ್ ನೋಡುವುದಿಲ್ಲ, ನನ್ನ ಬರಹ ನೋಡುತ್ತಾರೆ. ಭತ್ತಕ್ಕೆ ಹೊಡೆಯುವುದು ಜೋಳಕ್ಕೂ ಜೋಳಕ್ಕೆ ಹೊಡೆಯುವುದು ಭತ್ತಕ್ಕೂ ಆಗಬಾರದು. ಹೊಡೆದರೆ ಕಳೆಯ ಜೊತೆ ಬೆಳೆಯೂ ಹೋಗುತ್ತದೆ.

ಬಾಟಲಿಗಳನ್ನು ಮೇಜಿನ ಮೇಲಿಟ್ಟೆ. ಪೆನ್ನಿನ ಮಸಿ ಒಣಗಿತ್ತು. ಒಳಗೆ ಹೋಗಿ ಬೇರೆ ಪೆನ್ನು ತಂದೆ. ಅಷ್ಟರಲ್ಲಿ ಅವರು ಬಾಟಲಿಗಳನ್ನು ಎತ್ತಿ ನೋಡಿ ಮತ್ತೆ ಇಟ್ಟಿದ್ದರು. ಬ್ರೆಜಿಲ್‌ನವರು ಏನು ಉಣ್ಣುತ್ತಾರೆ ಎಂದು ಕೇಳಿದರು. ನಾನು ಉತ್ತರ ಹೇಳುತ್ತ ಬರೆದು, ಚೀಲಕ್ಕೆ ಹಾಕಿ ಕೊಟ್ಟೆ.

ಆ ರಾತ್ರಿಯೂ ನಿದ್ದೆ ಬರಲಿಲ್ಲ. ಹಗಲು ಮಾಡಿದ ಕೆಲಸಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತ ಈ ಬಾಟಲಿಗಳ ಹತ್ತಿರ ಬಂದು ನಿಂತೆ. ಬಲಗಡೆಯದರ ಮೇಲೆ ಭತ್ತ ಎಂದು ಬರೆದದ್ದು ನೆನಪಿತ್ತು. ಬಲಗಡೆ ಇದ್ದದ್ದು ಯಾವುದು ಎಂಬುದು ನೆನಪಿರಲಿಲ್ಲ. ಅಂಗಡಿಗೆ ಹೋಗಿ ನೋಡಿದರೂ ಪ್ರಯೋಜನವಿರಲಿಲ್ಲ, ಎರಡು ಬಗೆಯಲ್ಲೂ ಒಂದೊಂದು ಬಾಟಲಿ ಕಡಿಮೆಯಾಗಿರುತ್ತದೆ ಅಷ್ಟೆ.

ಬೆಳಿಗ್ಗೆ ಐದೂವರೆಗೆ ಚಿಕ್ಕಬೀರಪ್ಪನವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮಳೆ ಇಲ್ಲದ ದಿನ, ಎಂಟು ಗಂಟೆಗೆಲ್ಲ ಗದ್ದೆಗಿಳಿಯುತ್ತಾರೆ. ಅಷ್ಟರೊಳಗೆ ನಾನು ಅಲ್ಲಿರಬೇಕಿತ್ತು. ಆ ಸ್ಥಿತಿಯಲ್ಲಿ ಬೈಕ್ ಓಡಿಸಲು ಧೈರ್ಯ ಬರಲಿಲ್ಲ. ಆರೂವರೆಯ ಸೊರಬದ ಬಸ್ಸು ಹತ್ತಿ ಶಿರಾಳಕೊಪ್ಪಕ್ಕೆ ಟಿಕೆಟ್ ತೆಗೆದುಕೊಂಡೆ. ಅಲ್ಲಿಳಿದು ಆಟೋ ಹಿಡಿದರೆ ತಾಳಗುಂದ. ಕಿಟಕಿಯ ಕಡೆ ಕೂತೆ. ಗಾಳಿ ತಣ್ಣಗಿತ್ತು.

ಎಚ್ಚರವಾದಾಗ ಕಂಡಕ್ಟರ್ ಭುಜ ಅಲ್ಲಾಡಿಸುತ್ತಿದ್ದರು. ಬಸ್ಸು ಖಾಲಿಯಾಗಿತ್ತು.

"ಏನ್ರಿ, ಶಿರಾಳಕೊಪ್ಪಕ್ಕೆ ಟಿಕೆಟ್ ತಗಂಡು ಸೊರಬ ನೋಡಕ್ಕೆ ಬಂದ್ರಾ?"

"ಎಬ್ಬಿಸಬಾರದಿತ್ತೇನ್ರಿ?"

"ಶಿರಾಳಕೊಪ್ಪ ಶಿರಾಳಕೊಪ್ಪ ಅಂತ ಇಡೀ ಬಸ್ ಎಬ್ಬಿಸ್ದೆ, ನಿಮ್ಮನ್ನ ಬಿಟ್ಟು. ನಿಮ್ಮ ಫೋನೂ ಒದರಿ ಒದರಿ ಸುಸ್ತಾತು. ರಾತ್ರಿಪಾಳಿ ಏನ್ರಿ ನಿಮ್ದು?"

ಫೋನ್ ತೆಗೆದು ನೋಡಿದೆ. ಚಿಕ್ಕಬೀರಪ್ಪನವರಿಂದ ನಾಲ್ಕು ಕರೆ, ಏಳೂ ಇಪ್ಪತ್ತರಿಂದ ಏಳೂ ನಲವತ್ತರವರೆಗೆ. ಈಗ ಎಂಟು ಗಂಟೆ. ತಿರುಗಿ ಮಾಡಿದರೆ ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಸೊರಬ ಬಸ್‌ಸ್ಟ್ಯಾಂಡಿನಲ್ಲಿ ವಾಪಸು ಹೊರಟಿದ್ದ ಬಸ್ಸು ಹತ್ತಿ, ಮತ್ತೆ ಮಲಗಿಬಿಡಬಹುದೆಂದು ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರ ನಿಂತೇ ಬಂದೆ.

ತಾಳಗುಂದ ತಲುಪಿದಾಗ ಒಂಬತ್ತು ದಾಟಿತ್ತು. ಚಿಕ್ಕಬೀರಪ್ಪ ಗದ್ದೆಯ ಬದುವಿನ ಮೇಲೆ ರೊಟ್ಟಿ ತಿನ್ನುತ್ತಿದ್ದರು. ಔಷಧಿ ಹೊಡೆಯುವ ಕ್ಯಾನು ಪಕ್ಕದಲ್ಲಿ ಬಿದ್ದಿತ್ತು. ಅವರ ಅಂಗಿ, ಅದರ ಜೇಬಿನಲ್ಲಿದ್ದ ಫೋನು, ಗಿಡಕ್ಕೆ ನೇತು ಹಾಕಿದ್ದವು. ಹೆಂಡತಿ ಈಶ್ವರಮ್ಮ ನಿಂತಿದ್ದರು.

"ನೀನೇ ಫೋನ್ ಮಾಡ್ತೀಯ, ನೀನೇ ಎತ್ತಲ್ಲ," ಎಂದರು ಚಿಕ್ಕಬೀರಪ್ಪ. "ಮುಚ್ಚಳ ತೆಗೆದ್ರೆ ವಾಸನೆ ಬ್ಯಾರೆ ಬಂತು. ಕೇಳಣ ಅಂತ ಮಾಡ್ದೆ. ಎತ್ತಲಿಲ್ಲ. ಯತೀಶ ಬರ್ದಾನಲ್ಲ ಅಂತ ಎರಡು ಕ್ಯಾನ್ ಹೊಡದೆ."

"ನಾನು ರೊಟ್ಟಿ ತಂದೆ, ಅಲ್ಲಿಗೇ ಮೂಗಿಗೆ ಬಡೀತು," ಎಂದರು ಈಶ್ವರಮ್ಮ. "ಹೋದ ವರ್ಷದ್ದು ಇದಲ್ಲ, ನಿಲ್ಸಿ ಅಂದೆ. ಇವರಿಗೆ ಹೆಂಡ್ತಿ ಮೂಗಿಗಿಂತ ಅಂಗಡಿಯವನ ಅಕ್ಷರ ದೊಡ್ಡದು."

ಭತ್ತ ಎಂದು ಬರೆದ ಬಾಟಲಿಯನ್ನು ಕೈಗೆತ್ತಿಕೊಂಡೆ. ಅಕ್ಷರ ನನ್ನದೇ, ದುಂಡಗೆ ಚೆನ್ನಾಗಿಯೇ ಇತ್ತು. ಅದರ ಕೆಳಗಿನ ಲೇಬಲ್ ಗೋವಿನಜೋಳದ ಔಷಧಿಯದು.

"ತಪ್ಪಾಗೈತೆ ಬೀರಪ್ಪಣ್ಣ. ನಾನು ಅದಲು ಬದಲು ಬರೆದೀನಿ. ನೀವು ಫೋನ್ ಮಾಡಿದಾಗ ಬಸ್ಸಿನಾಗೆ ನಿದ್ದೆ ಮಾಡ್ತಿದ್ದೆ."

ಅವರು ಕೈಯಲ್ಲಿದ್ದ ತುತ್ತನ್ನು ತಿಂದು ಮುಗಿಸಿದರು. ಔಷಧಿ ಬಿದ್ದ ಜಾಗ ಎಂಟು ಗುಂಟೆಯಷ್ಟಿತ್ತು. ಅಲ್ಲಿ ಪೈರು ಹಸಿರಾಗಿ, ಉಳಿದದ್ದರಂತೆಯೇ ನಿಂತಿತ್ತು.

"ಸತ್ತೋಗ್ತದಾ?" ಎಂದು ಕೇಳಿದರು.

"ಹೋಗ್ತದೆ. ವಾರ ಹಿಡೀತದೆ."

"ನಿದ್ದೆ ಬಂತಲ್ಲ, ಅದು ಒಳ್ಳೇದಾತು ಬಿಡು," ಎಂದರು. ನಗಲಿಲ್ಲ. ತಮಾಷೆಗೆ ಹೇಳಿದರೋ ಸಿಟ್ಟಿಗೆ ಹೇಳಿದರೋ ತಿಳಿಯಲಿಲ್ಲ.

ಪಂಚಾಕ್ಷರಪ್ಪನವರಿಗೆ ಅಂದೇ ಹೇಳಿದೆ. ಅವರು ಬೈಯಲಿಲ್ಲ. "ವಿಮಾನದ ನಿದ್ದೆಗೆ ನೀನೇನು ಮಾಡ್ತೀಯ? ಮಲಕ್ಕಾ ಅಂದಿದ್ದೆ, ಕೇಳಲಿಲ್ಲ," ಎಂದು ತಾವೇ ಚಿಕ್ಕಬೀರಪ್ಪನವರ ಜೊತೆ ನಷ್ಟದ ಬಗ್ಗೆ ಮಾತಾಡಿ ಒಪ್ಪಿಸಿದರು. ಎಂಟನೆಯ ದಿನಕ್ಕೆ ಆ ಜಾಗದ ಪೈರು ಬೆಳ್ಳಗಾಗಿ ಮಲಗಿತು. ಆಮೇಲೆ ಮೂರು ಭಾನುವಾರ ನಾನು ತಾಳಗುಂದಕ್ಕೆ ಹೋಗಿ, ಒತ್ತಾಗಿ ಹುಟ್ಟಿದ ಕಡೆಯಿಂದ ಸಸಿ ಕಿತ್ತು ಅಲ್ಲಿ ನೆಟ್ಟೆ. ನನಗೆ ಆ ಕೆಲಸ ಬರುವುದಿಲ್ಲ. ನಾನು ನೆಟ್ಟ ಸಾಲನ್ನು ಈಶ್ವರಮ್ಮ ಹಿಂದೆಯೇ ಬಂದು ಸರಿಮಾಡುತ್ತಿದ್ದರು. ಅಷ್ಟು ಹೊತ್ತಿಗೆ ನಿದ್ದೆ ಸರಿಹೋಗಿತ್ತು.

"ತಮ್ಮ, ಇದಕ್ಕೂ ಮೊದ್ಲು ಯಾರಿಗಾದ್ರೂ ಹಿಂಗೆ ಬರ್ದು ಕೊಟ್ಟಿದ್ಯಾ?" ಎಂದು ಕೊನೆಯ ಭಾನುವಾರ ಈಶ್ವರಮ್ಮ ಕೇಳಿದರು. ಚುಚ್ಚಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು.

ಇಲ್ಲ ಎನ್ನಲು ಹೊರಟವನು ಕೈಯಲ್ಲಿದ್ದ ಸಸಿಯನ್ನು ನೆಟ್ಟು ಮುಂದಿನದನ್ನು ಎತ್ತಿಕೊಂಡೆ. ಎಲ್ಲರೂ ಜೆಟ್ ಲ್ಯಾಗ್ ಎಂದು ನನ್ನನ್ನು ಮನ್ನಿಸಿಬಿಟ್ಟಿದ್ದಾರೆ. ಆದರೆ ಆ ಮಂಗಳವಾರ ರಾತ್ರಿ ನಿದ್ದೆ ಬಂದಿದ್ದರೆ ಬಾಟಲಿಗಳ ಬಗ್ಗೆ ನನಗೆ ಅನುಮಾನವೇ ಹುಟ್ಟುತ್ತಿರಲಿಲ್ಲ. ಬೇರೆಲ್ಲ ರಾತ್ರಿಗಳಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದ್ದೇನೆ. ಬೆಳೆ ಹೋದವರು ಬೀಜ ಸರಿಯಿಲ್ಲ, ಮಳೆ ಸರಿಯಿಲ್ಲ ಎಂದುಕೊಂಡು ಸುಮ್ಮನಾಗಿರಲೂಬಹುದು. ಇಪ್ಪತ್ತೊಂದು ವರ್ಷಗಳಲ್ಲಿ ಹಾಗೆ ಎಷ್ಟು ಬಾಟಲಿ ಹೋಗಿವೆಯೋ, ಒಂದೂ ಹೋಗಿಲ್ಲವೋ, ನನಗೆ ಗೊತ್ತಿಲ್ಲ.